ಚೀಲ, ಸೂಜಿ, ದೀಪ: ‘ಅನ್ನಾ ಕರೆನಿನ’ದ ಹೆಣ್ಣುಗಳು



ತಮ್ಮ ಗಳಿಕೆಯ ಒಂದು ಪಾಲನ್ನು ಸಾಹಿತ್ಯದ ಓದಿಗೆಂದು ಎತ್ತಿಟ್ಟವರ ದತ್ತಿಯಲ್ಲಿ ಮಾತನಾಡಲು ನನ್ನನ್ನು ಕರೆದಿದ್ದೀರಿ.  ಇಂದು ನಾನು ಲಿಯೋ ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನ’ ಕಾದಂಬರಿಯನ್ನು ಎತ್ತಿಕೊಂಡಿದ್ದೇನೆ. ದೇ. ಜವರೇಗೌಡರ ಅನುವಾದದಿಂದ ಕನ್ನಡ ಓದುಗರಿಗೂ ಪರಿಚಿತವಾದ ಕೃತಿ ಇದು. ಗಂಡನನ್ನೂ ಮಗನನ್ನೂ ಬಿಟ್ಟು ಪ್ರಿಯಕರನ ಜೊತೆ ಹೋದ ಹೆಣ್ಣೊಬ್ಬಳು ಕೊನೆಗೆ ರೈಲಿನ ಕೆಳಗೆ ಬಿದ್ದು ಸತ್ತ ಕಥೆ ಎಂದು ಒಂದೇ ವಾಕ್ಯದಲ್ಲಿ ಇದನ್ನು ಹೇಳಿ ಮುಗಿಸುವವರಿದ್ದಾರೆ. ಆ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ಅನ್ನಾ ಕೂಡ ಇಲ್ಲ.

ಹಾಗಾದರೆ ಅವಳನ್ನು ಎಲ್ಲಿ ಹುಡುಕಬೇಕು? ಒಂದು ಕೃತಿಯಲ್ಲಿ ಮತ್ತೆ ಮತ್ತೆ ಮರಳಿ ಬರುವ ವಸ್ತು, ಬಣ್ಣ, ಚಲನೆ, ಕನಸುಗಳನ್ನು ವಿಮರ್ಶೆಯಲ್ಲಿ ಆಶಯಗಳು ಎನ್ನುತ್ತೇವೆ. ಈ ಕಾದಂಬರಿಯಲ್ಲಿ ಹೆಂಗಸರ ಬಗ್ಗೆ ತೀರ್ಪು ಕೊಡುವವರಿಗೆ ಬರವಿಲ್ಲ. ಗಂಡಂದಿರು, ಅಣ್ಣಂದಿರು, ಶ್ರೀಮಂತ ಕೂಟಗಳ ರಾಜಕುಮಾರಿಯರು, ಭಕ್ತೆಯರು, ವಕೀಲರು ಎಲ್ಲರೂ ತೀರ್ಪು ಕೊಡುತ್ತಾರೆ. ಸತ್ಯವನ್ನು ಮಾತ್ರ ಟಾಲ್‌ಸ್ಟಾಯ್ ಆ ಹೆಂಗಸರ ಕೈಗೆಟುಕುವ ಸಣ್ಣ ವಸ್ತುಗಳಲ್ಲಿ ಇಟ್ಟಿದ್ದಾರೆ ಎಂಬುದು ನನ್ನ ಓದು. ಆ ವಸ್ತುಗಳನ್ನು ಹಿಂಬಾಲಿಸಿದರೆ ಅನ್ನಾ, ಡಾಲಿ, ಕಿಟ್ಟಿ ಮೂವರೂ ಬೇರೆ ಬೇರೆ ದಾರಿ ಹಿಡಿದವರಾಗಿಯೂ ಒಂದೇ ಕಟ್ಟಿಗೆ ಒಳಪಟ್ಟವರಾಗಿಯೂ ಕಾಣುತ್ತಾರೆ. ಕೆಟ್ಟ ಹೆಂಡತಿ, ಒಳ್ಳೆಯ ಹೆಂಡತಿ ಎಂದು ನಾವು ಎಳೆಯುವ ಗೆರೆ ಅಲ್ಲಿ ನಿಲ್ಲುವುದಿಲ್ಲ.

ರೈಲು ಹೇಳುವುದೆಷ್ಟು

ಮೊದಲು ಎಲ್ಲರಿಗೂ ಗೊತ್ತಿರುವ ಆಶಯವನ್ನು ನೋಡೋಣ. 1872ರ ಜನವರಿಯಲ್ಲಿ, ಟಾಲ್‌ಸ್ಟಾಯ್ ಅವರ ಊರಿಗೆ ಹತ್ತಿರದ ಯಾಸೆಂಕಿ ನಿಲ್ದಾಣದಲ್ಲಿ ಅನ್ನಾ ಪಿರೋಗೊವ ಎಂಬ ಹೆಂಗಸು ರೈಲಿನ ಕೆಳಗೆ ಬಿದ್ದು ಪ್ರಾಣ ಬಿಟ್ಟಳು. ಆಕೆ ನೆರೆಯ ಜಮೀನ್ದಾರ ಬಿಬಿಕೊವ್‌ನೊಂದಿಗೆ ಬಾಳುತ್ತಿದ್ದವಳು. ಅವನು ಇನ್ನೊಬ್ಬಳ ಕಡೆ ತಿರುಗಿದ್ದ. ಟಾಲ್‌ಸ್ಟಾಯ್ ಹೋಗಿ ಆ ದೇಹವನ್ನು ಕಣ್ಣಾರೆ ಕಂಡರು. ಮರುವರ್ಷ ಬರವಣಿಗೆ ಶುರುವಾಯಿತು. 1875ರಿಂದ 1877ರವರೆಗೆ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸೆರ್ಬಿಯಾ ಯುದ್ಧದ ಕುರಿತ ನಿಲುವು ಸಂಪಾದಕ ಕಾಟ್ಕೊವ್‌ಗೆ ಒಪ್ಪಿಗೆಯಾಗದ್ದರಿಂದ ಎಂಟನೆಯ ಭಾಗವನ್ನು ಟಾಲ್‌ಸ್ಟಾಯ್ ಪ್ರತ್ಯೇಕವಾಗಿ ಅಚ್ಚು ಹಾಕಿಸಿದರು. 1878ರಲ್ಲಿ ಇಡೀ ಕೃತಿ ಪುಸ್ತಕವಾಯಿತು.

ರೈಲು ಕಾದಂಬರಿಯ ಎರಡೂ ತುದಿಗಳಲ್ಲಿ ನಿಂತಿದೆ. ಅನ್ನಾ ಮತ್ತು ಅವಳ ಪ್ರಿಯಕರನಾಗಲಿರುವ ವ್ರಾನ್‌ಸ್ಕಿ ಮೊದಲು ಭೇಟಿಯಾಗುವುದು ಮಾಸ್ಕೋ ನಿಲ್ದಾಣದಲ್ಲಿ. ಅದೇ ಗಳಿಗೆಯಲ್ಲಿ ಕಾವಲುಗಾರನೊಬ್ಬ ಚಕ್ರಕ್ಕೆ ಸಿಕ್ಕಿ ಸಾಯುತ್ತಾನೆ. ಅನ್ನಾ ಅದನ್ನು ಅಪಶಕುನವೆಂದು ಬಗೆಯುತ್ತಾಳೆ. ವ್ರಾನ್‌ಸ್ಕಿ ಅವನ ವಿಧವೆಗೆ 200 ರೂಬಲ್ ಕೊಡುತ್ತಾನೆ. ಮುಂದೆ ಕೆದರಿದ ಗಡ್ಡದ ಕುಳ್ಳ ರೈತನೊಬ್ಬ ಏನೋ ಗೊಣಗುತ್ತ ಬಗ್ಗಿ ಕೆಲಸ ಮಾಡುವ ದುಃಸ್ವಪ್ನ ಇಬ್ಬರಿಗೂ ಬೀಳುತ್ತದೆ. ಅನ್ನಾಳ ಕೊನೆಯ ಗಳಿಗೆಯಲ್ಲೂ ಆ ರೈತ ಕಬ್ಬಿಣದ ಮೇಲೆ ಕೆಲಸ ಮಾಡುತ್ತಿರುತ್ತಾನೆ. ಇವೆಲ್ಲವನ್ನು ಕೂಡಿಸಿ ‘ವಿಧಿ’ ಎಂದುಬಿಡುವುದು ಸುಲಭ. ತರಗತಿಗಳಲ್ಲಿ ನಾವು ಹಾಗೆಯೇ ಪಾಠ ಮಾಡುತ್ತ ಬಂದಿದ್ದೇವೆ.

ನನ್ನ ತಕರಾರು ಇಷ್ಟೇ. ರೈಲು ಏನಾಗಲಿದೆ ಎಂಬುದನ್ನು ಹೇಳುತ್ತದೆ; ಅದು ಯಾರಿಗೆ ಆಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ಅನ್ನಾಳನ್ನು ಅಣ್ಣನ ಮನೆಯ ಜಗಳ ಬಿಡಿಸಲು ಮಾಸ್ಕೋಗೆ ಕರೆತಂದದ್ದೂ ರೈಲೇ. ಅವಳು ಸತ್ತ ಮೇಲೆ ವ್ರಾನ್‌ಸ್ಕಿಯನ್ನು ಯುದ್ಧಕ್ಕೆ ಹೊತ್ತೊಯ್ದದ್ದೂ ರೈಲೇ. ಅದಕ್ಕೆ ಎಲ್ಲರೂ ಒಂದೇ. ಕುದುರೆಯ ಆಶಯಕ್ಕೂ ಇದೇ ಮಿತಿಯಿದೆ. ಪಂದ್ಯದಲ್ಲಿ ವ್ರಾನ್‌ಸ್ಕಿಯ ತಪ್ಪಿನಿಂದ ಬೆನ್ನು ಮುರಿದುಕೊಂಡ ಫ್ರೂಫ್ರೂ ಅನ್ನಾಳ ಪ್ರತಿರೂಪ ಎನ್ನುತ್ತಾರೆ. ಆ ಪ್ರಸಂಗ ವ್ರಾನ್‌ಸ್ಕಿ ಎಂಥವನು ಎಂಬುದನ್ನು ಚೆನ್ನಾಗಿ ತಿಳಿಸುತ್ತದೆ. ಆದರೆ ಅನ್ನಾಳನ್ನು ಸವಾರಿಗೆ ಒಳಗಾದ ಮೂಕಪ್ರಾಣಿ ಎಂದು ಓದಿದರೆ ಅವಳ ಬುದ್ಧಿ, ಆಯ್ಕೆ, ಹಟ ಎಲ್ಲವನ್ನೂ ಕಸಿದುಕೊಂಡಂತಾಗುತ್ತದೆ. ಅವಳನ್ನು ಅರಿಯಲು ಇನ್ನೂ ಸಣ್ಣ ವಸ್ತುಗಳ ಬಳಿಗೆ ಹೋಗಬೇಕು.

ಕೆಂಪು ಚೀಲ

ಕಾದಂಬರಿಯಲ್ಲಿ ನಾವು ಡಾಲಿಯನ್ನು ಮೊದಲು ನೋಡುವಾಗ ಅವಳು ಗಂಟುಮೂಟೆ ಕಟ್ಟಲು ಹೆಣಗುತ್ತಿದ್ದಾಳೆ. ಗಂಡ, ಅಂದರೆ ಅನ್ನಾಳ ಅಣ್ಣ ಸ್ಟೀವ, ಮಕ್ಕಳ ಪಾಠದವಳೊಂದಿಗೆ ಸಂಬಂಧ ಇಟ್ಟುಕೊಂಡಿದ್ದು ಬಯಲಾಗಿದೆ. ತೆರೆದ ಕಪಾಟಿನ ಮುಂದೆ, ಹರಡಿಬಿದ್ದ ಬಟ್ಟೆಗಳ ನಡುವೆ ನಿಂತು ತನ್ನ ಮತ್ತು ಮಕ್ಕಳ ಸಾಮಾನು ಆರಿಸಿಕೊಂಡು ತವರಿಗೆ ಹೊರಡಬೇಕೆಂದು ಮೂರು ದಿನಗಳಿಂದ ಪ್ರಯತ್ನಿಸುತ್ತಿದ್ದಾಳೆ, ಆಗುತ್ತಿಲ್ಲ. ಐದು ಮಕ್ಕಳನ್ನು ಈ ಮನೆಯಲ್ಲೇ ಸಂಭಾಳಿಸುವುದು ಕಷ್ಟವಾಗಿರುವಾಗ ಅಲ್ಲಿ ಹೇಗೆ? ಅದಕ್ಕಿಂತ ಹೆಚ್ಚಾಗಿ, ಅವನನ್ನು ಗಂಡನೆಂದು ತಿಳಿಯುವ, ಪ್ರೀತಿಸುವ ರೂಢಿಯನ್ನು ಅವಳಿಗೆ ಬಿಡಲಾಗುತ್ತಿಲ್ಲ.

ಕೆಲವೇ ದಿನಗಳಲ್ಲಿ ಅದೇ ಮನೆಯಲ್ಲಿ ಇನ್ನೊಬ್ಬ ಹೆಂಗಸು ಚೀಲ ತುಂಬುತ್ತಾಳೆ. ಡಾಲಿಯನ್ನು ಸಮಾಧಾನಪಡಿಸಿ ಸಂಸಾರ ಉಳಿಸಿಕೊಟ್ಟ ಅನ್ನಾ, ನೃತ್ಯಕೂಟದಲ್ಲಿ ವ್ರಾನ್‌ಸ್ಕಿಯ ಜೊತೆ ಕುಣಿದ ಮರುದಿನ, ಇರಬೇಕಾದ್ದಕ್ಕಿಂತ ಮೊದಲೇ ಊರಿಗೆ ಹೊರಡಲು ಅವಸರಪಡುತ್ತಾಳೆ. ಪುಟ್ಟ ಚೀಲಕ್ಕೆ ರಾತ್ರಿ ಟೊಪ್ಪಿಗೆ, ಕರವಸ್ತ್ರಗಳನ್ನು ಇಡುವ ನೆಪದಲ್ಲಿ ಕೆಂಪೇರಿದ ಮುಖವನ್ನು ಬಗ್ಗಿಸಿಕೊಳ್ಳುತ್ತಾಳೆ. ಒಬ್ಬಳು ಹೊರಡಲಾಗದೆ ಉಳಿದಳು, ಇನ್ನೊಬ್ಬಳು ಉಳಿಯಲಾಗದೆ ಹೊರಟಳು. ಎರಡೂ ಒಂದೇ ಸೂರಿನಡಿ ನಡೆದವು. ಇದನ್ನು ಟಾಲ್‌ಸ್ಟಾಯ್ ಎಲ್ಲೂ ವಿವರಿಸುವುದಿಲ್ಲ; ಎರಡು ದೃಶ್ಯಗಳನ್ನು ಇಟ್ಟು ಸುಮ್ಮನಾಗುತ್ತಾರೆ.

ಆ ರಾತ್ರಿ ಪೀಟರ್ಸ್‌ಬರ್ಗಿನ ರೈಲಿನಲ್ಲಿ ಅನ್ನಾಳ ಚುರುಕಾದ ಪುಟ್ಟ ಕೈಗಳು ಕೆಂಪು ಚೀಲವನ್ನು ತೆರೆದು ದಿಂಬನ್ನು ಹೊರತೆಗೆಯುತ್ತವೆ, ಮತ್ತೆ ಬೀಗ ಹಾಕುತ್ತವೆ. ಇಲ್ಲಿ ಚೀಲ ಸುಖದ ವಸ್ತು. ತನ್ನ ಸಾಮಾನು ತನ್ನ ಹತೋಟಿಯಲ್ಲಿರುವ ಹೆಂಗಸಿನ ನೆಮ್ಮದಿ ಅದರಲ್ಲಿದೆ. ಮುಂದೆ ಗಂಡ ಕರೆನಿನ್‌ಗೆ ಎಲ್ಲವನ್ನೂ ಹೇಳಿದ ಮೇಲೆ, ಮಗನನ್ನು ಕರೆದುಕೊಂಡು ಮನೆ ಬಿಡುವ ನಿರ್ಧಾರ ಮಾಡಿ ಅವಳು ಪ್ರಯಾಣದ ಚೀಲ ತುಂಬುತ್ತಿರುವಾಗಲೇ ಅವನ ಪತ್ರ ಬರುತ್ತದೆ. ಮೊದಲಿನಂತೆಯೇ ಬದುಕು ಸಾಗಬೇಕೆಂಬ ಆಜ್ಞೆ, ಮಗನ ವಿಚಾರದಲ್ಲಿ ಬೆದರಿಕೆ, ಜೊತೆಗೆ ಒಂದಿಷ್ಟು ಹಣ ಅದರೊಳಗಿವೆ. ಚೀಲ ಅಲ್ಲಿಗೇ ನಿಲ್ಲುತ್ತದೆ.

ಅಂದಿನ ರಷ್ಯಾದ ಕಾನೂನನ್ನು ಇಲ್ಲಿ ನೆನೆಯಬೇಕು. ವಿಚ್ಛೇದನ ಚರ್ಚಿನ ಅಧಿಕಾರದಲ್ಲಿತ್ತು. ವ್ಯಭಿಚಾರದ ತಪ್ಪಿತಸ್ಥರೆಂದು ತೀರ್ಮಾನವಾದವರು ಮತ್ತೆ ಮದುವೆಯಾಗುವಂತಿರಲಿಲ್ಲ. ಅನ್ನಾಳಿಗೆ ವ್ರಾನ್‌ಸ್ಕಿಯಿಂದ ಹುಟ್ಟಿದ ಮಗಳು ಕೂಡ ಕಾನೂನಿನ ಕಣ್ಣಿನಲ್ಲಿ ಕರೆನಿನ್‌ನ ಮಗಳೇ; ಈ ಸಂಕಟವನ್ನು ವ್ರಾನ್‌ಸ್ಕಿಯೇ ಡಾಲಿಯ ಮುಂದೆ ತೋಡಿಕೊಳ್ಳುತ್ತಾನೆ. ಇಂಥ ಕಟ್ಟಿನೊಳಗೆ ಬಾಗಿಲು ದಾಟುವ ಹೆಂಗಸು ಒಯ್ಯಬಹುದಾದದ್ದು ಕೈಚೀಲದಲ್ಲಿ ಹಿಡಿಸುವಷ್ಟೇ. ಮಗ ಸೆರ್ಯೋಜ ಅದರಲ್ಲಿ ಹಿಡಿಸುವುದಿಲ್ಲ. ಸೆರ್ಯೋಜನ ಹುಟ್ಟುಹಬ್ಬದಂದು ಕದ್ದು ಮನೆಗೆ ಬಂದ ಅನ್ನಾ ಅವನನ್ನು ಅಪ್ಪಿ, ಅತ್ತು, ಗಂಡ ಬಂದನೆಂದು ಓಡುವ ಗಡಿಬಿಡಿಯಲ್ಲಿ ಹಿಂದಿನ ದಿನ ಅಂಗಡಿಯಲ್ಲಿ ಅಷ್ಟು ಪ್ರೀತಿಯಿಂದ ಆರಿಸಿ ತಂದಿದ್ದ ಆಟಿಕೆಗಳನ್ನು ಬಿಚ್ಚದೆಯೇ ವಾಪಸು ಒಯ್ಯುತ್ತಾಳೆ. ತಾಯ್ತನದ ಬಗ್ಗೆ ಎಷ್ಟು ಪುಟ ಬರೆದರೂ ಆ ಬಿಚ್ಚದ ಪೊಟ್ಟಣದಷ್ಟು ಹೇಳಲು ಸಾಧ್ಯವಿಲ್ಲ.

ಕೂದಲು

ಡಾಲಿಯ ಮೊದಲ ಚಿತ್ರದಲ್ಲೇ ಇನ್ನೊಂದು ವಿವರವಿದೆ: ಒಂದು ಕಾಲದಲ್ಲಿ ದಟ್ಟವಾಗಿದ್ದ, ಈಗ ತೆಳುವಾಗಿ ಕತ್ತಿನ ಹಿಂದೆ ಪಿನ್ನು ಚುಚ್ಚಿ ಕಟ್ಟಿಕೊಂಡ ಜಡೆ. ಆಗ ಅವಳಿಗಿನ್ನೂ ಮೂವತ್ತಮೂರು. ಹೆರಿಗೆಗಳ ಲೆಕ್ಕ ಆ ಕೂದಲಿನಲ್ಲಿದೆ. ಅಣ್ಣನ ಮನೆಗೆ ಬಂದ ಅನ್ನಾಳಿಗೆ ಕಪ್ಪು ಗುಂಗುರು ಕೂದಲು. ಎಷ್ಟು ಬಾಚಿದರೂ ಕತ್ತಿನ ಬಳಿ, ಕಿವಿಯ ಮೇಲ್ಬದಿಯಲ್ಲಿ ಕಿರುಗುಂಗುರುಗಳು ತಪ್ಪಿಸಿಕೊಂಡು ಬರುತ್ತವೆ. ನೃತ್ಯಕೂಟದ ಅಲಂಕಾರದಲ್ಲಿ ಕಣ್ಣು ಸೆಳೆಯುವುದು ಆ ಹಟಮಾರಿ ಸುರುಳಿಗಳೇ. ಕಟ್ಟಿಗೆ ಸಿಗದ ಜೀವವೊಂದು ಅಲ್ಲಿ ಹೊರಗೆ ಇಣುಕುತ್ತಿದೆ.

ವ್ರಾನ್‌ಸ್ಕಿಯ ಮಗುವನ್ನು ಹೆತ್ತು ಬಾಣಂತಿ ಜ್ವರದಲ್ಲಿ ಸಾವಿನಂಚಿಗೆ ಹೋಗಿ ಬಂದ ಮೇಲೆ ಅವಳ ಕೂದಲನ್ನು ಗಿಡ್ಡ ಕತ್ತರಿಸಿರುತ್ತಾರೆ. ವ್ರಾನ್‌ಸ್ಕಿಗೆ ಆ ಕತ್ತರಿಸಿದ ತಲೆಯ ಮೇಲೂ ಮೋಹ ಉಕ್ಕುತ್ತದೆ. ಕೊನೆಯ ದಿನ ಅನ್ನಾ ತಲೆ ಬಾಚಿಕೊಂಡಿದ್ದೇನೋ ಇಲ್ಲವೋ ಎಂದು ಕೈಯಿಂದ ತಡವಿ ನೋಡುತ್ತಾಳೆ. ಬಾಚಿದೆ, ಆದರೆ ಯಾವಾಗ ಎಂಬ ನೆನಪಿಲ್ಲ. ಕನ್ನಡಿಯಲ್ಲಿ ಉರಿಯುವ ಕಣ್ಣುಗಳ ಒಂದು ಮುಖ ಕಂಡು, ಇದು ಯಾರೆಂದು ಬೆಚ್ಚುತ್ತಾಳೆ. ತನ್ನ ಒಡಲಿಗೂ ತನ್ನ ಅರಿವಿಗೂ ನಡುವಿನ ಎಳೆ ಹರಿದುಹೋದದ್ದನ್ನು ಮನಶ್ಶಾಸ್ತ್ರದ ಒಂದು ಮಾತನ್ನೂ ಬಳಸದೆ ಟಾಲ್‌ಸ್ಟಾಯ್ ತೋರಿಸಿದ್ದಾರೆ. ಡಾಲಿಯ ಕೂದಲನ್ನು ಮದುವೆ ಸವೆಸಿತು, ಅನ್ನಾಳದನ್ನು ಮದುವೆಯ ಹೊರಗಿನ ಪ್ರೇಮ ಕಸಿಯಿತು. ಯಾವ ದಾರಿ ಕ್ಷೇಮ ಎಂಬ ಪ್ರಶ್ನೆಗೆ ಕಾದಂಬರಿ ಸುಲಭದ ಉತ್ತರ ಕೊಡುವುದಿಲ್ಲ.

ದೀಪ ಮತ್ತು ಕಣ್ಣು

ಮತ್ತೆ ಆ ಮೊದಲ ರೈಲಿಗೆ ಬರೋಣ. ಸೀಟಿನ ಕೈಗೆ ಪುಟ್ಟ ದೀಪ ಸಿಕ್ಕಿಸಿಕೊಂಡು, ಕಾಗದ ಕತ್ತರಿಸುವ ಚಾಕು ತೆಗೆದುಕೊಂಡು ಅನ್ನಾ ಒಂದು ಇಂಗ್ಲಿಷ್ ಕಾದಂಬರಿ ಓದತೊಡಗುತ್ತಾಳೆ. ಹೊರಗೆ ಹಿಮಗಾಳಿ. ಓದಲು ಮನಸ್ಸು ನಿಲ್ಲುವುದಿಲ್ಲ, ಏಕೆಂದರೆ ಪುಸ್ತಕದವರು ಮಾಡುವುದನ್ನೆಲ್ಲ ತಾನೇ ಮಾಡಬೇಕೆನ್ನಿಸುತ್ತದೆ. ಬೇರೆಯವರ ಬದುಕಿನ ನೆರಳನ್ನು ನೋಡುತ್ತ ಕೂರಲು ಅವಳಿಗೆ ಇಷ್ಟವಿಲ್ಲ. ಬದುಕಬೇಕೆಂಬ ಆಸೆ ಅಷ್ಟಿದೆ. ಅವಳನ್ನು ಅರಿಯಲು ಇಡೀ ಕೃತಿಯಲ್ಲಿ ಇದಕ್ಕಿಂತ ಮುಖ್ಯವಾದ ಗಳಿಗೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅಲ್ಲಿಂದಾಚೆ ಬೆಳಕು ಅವಳ ಕಣ್ಣಿಗೆ ದಾಟುತ್ತದೆ. ಪೀಟರ್ಸ್‌ಬರ್ಗಿನ ಒಂದು ರಾತ್ರಿ ಗಂಡನ ಬುದ್ಧಿವಾದ ಮುಗಿದ ಮೇಲೆ ಕತ್ತಲಲ್ಲಿ ಮಲಗಿದವಳಿಗೆ ತನ್ನ ಕಣ್ಣಿನ ಹೊಳಪು ತನಗೇ ಕಾಣುತ್ತಿದೆಯೇನೋ ಎನಿಸುತ್ತದೆ. ಕಾಲ ಸರಿದು ವ್ರಾನ್‌ಸ್ಕಿಯ ವೈಭವದ ಜಮೀನು ಮನೆಯಲ್ಲಿ ಅವಳು ಒಡತಿಯಂತೆ ಇರುವಾಗ, ನೋಡಲು ಬಂದ ಡಾಲಿ ಒಂದು ಹೊಸ ಅಭ್ಯಾಸವನ್ನು ಗುರುತಿಸುತ್ತಾಳೆ. ಮನಸ್ಸಿಗೆ ಹತ್ತಿರದ ಮಾತು ಬಂದಾಗಲೆಲ್ಲ ಅನ್ನಾ ಕಣ್ಣು ಕಿರಿದು ಮಾಡುತ್ತಾಳೆ. ತನ್ನ ಬದುಕನ್ನು ಪೂರ್ತಿ ನೋಡಬಾರದೆಂದು ಹೀಗೆ ಮಾಡುತ್ತಿದ್ದಾಳೆ ಎಂದು ಡಾಲಿ ಅರ್ಥ ಮಾಡಿಕೊಳ್ಳುತ್ತಾಳೆ. ಹಾಗೆಯೇ, ಮಗುವಿಗೆ ಎಷ್ಟು ಹಲ್ಲು ಬಂದಿವೆ ಎಂದು ಡಾಲಿ ಕೇಳಿದರೆ ಅನ್ನಾ ತಪ್ಪು ಲೆಕ್ಕ ಹೇಳುತ್ತಾಳೆ; ಕೊನೆಯ ಎರಡು ಹಲ್ಲು ಮೂಡಿದ್ದು ಅವಳಿಗೆ ತಿಳಿದೇ ಇಲ್ಲ.

ಈ ಸೂಚನೆಗಳನ್ನು ಹಿಡಿಯುವವಳು ಡಾಲಿಯೇ ಎಂಬುದನ್ನು ದಯವಿಟ್ಟು ಗಮನಿಸಿ. ವ್ರಾನ್‌ಸ್ಕಿಗೆ ಅವು ಕಾಣುವುದಿಲ್ಲ, ಕರೆನಿನ್‌ಗೆ ಕಾಣುವುದಿಲ್ಲ. ಹೆಚ್ಚು ಓದದ, ಮಕ್ಕಳ ಜ್ವರ ಅಂಗಿಗಳಲ್ಲಿ ದಿನ ಸವೆಸಿದ, ಎಲ್ಲರೂ ಪಾಪದವಳೆಂದು ಬದಿಗಿಟ್ಟ ಹೆಂಗಸು ಈ ಕಾದಂಬರಿಯ ಅತ್ಯಂತ ಸೂಕ್ಷ್ಮ ಓದುಗಾರ್ತಿ. ಹಲ್ಲಿನ ಲೆಕ್ಕದಲ್ಲಿ, ರೆಪ್ಪೆಯ ಚಲನೆಯಲ್ಲಿ ಇನ್ನೊಬ್ಬಳ ಸಂಕಟವನ್ನು ಓದುವ ಆ ವಿದ್ಯೆ ಅವಳಿಗೆ ಸಂಸಾರದಿಂದ ಬಂದದ್ದು.

ಕೊನೆಯಲ್ಲಿ ದೀಪ ಎರಡು ಸಲ ಬರುತ್ತದೆ. ಸಾಯುವ ಹಿಂದಿನ ರಾತ್ರಿ ಅನ್ನಾ ಉರಿದು ಮುಗಿಯುತ್ತಿರುವ ಮೇಣದ ಬತ್ತಿಯ ಬೆಳಕಿನಲ್ಲಿ ಮೇಲ್ಛಾವಣಿಯ ಮೇಲಿನ ನೆರಳನ್ನು ನೋಡುತ್ತ ಮಲಗಿರುತ್ತಾಳೆ. ನೆರಳು ಕೋಣೆಯನ್ನೆಲ್ಲ ನುಂಗಿದಾಗ ಸಾವು ಎದುರಿಗೆ ಬಂದು ನಿಂತಂತಾಗುತ್ತದೆ. ಪ್ರಾಣ ಹೋಗುವ ಗಳಿಗೆಯಲ್ಲಿ ಅವಳು ಬದುಕೆಂಬ ಪುಸ್ತಕವನ್ನು ಓದುತ್ತಿದ್ದ ಬತ್ತಿ ಒಮ್ಮೆ ಪ್ರಖರವಾಗಿ ಬೆಳಗಿ, ಕತ್ತಲಲ್ಲಿದ್ದದ್ದನ್ನೆಲ್ಲ ತೋರಿಸಿ ಆರಿಹೋಗುತ್ತದೆ. ರೈಲಿನಲ್ಲಿ ಅರ್ಧಕ್ಕೆ ಬಿಟ್ಟ ಓದು ಅಲ್ಲಿಗೆ ಮುಗಿಯಿತು. ಓದುವ ಬದಲು ಬದುಕಲು ಹೊರಟವಳು ತನ್ನ ಬದುಕನ್ನೇ ಓದಿದಳು.

ಸೂಜಿ, ನೂಲು

ಚೀಲ ಹೊರಡುವವಳದಾದರೆ ಸೂಜಿ ಉಳಿಯುವವಳದು. ಅನ್ನಾ ಮೊದಲ ಸಲ ಮನೆಗೆ ಬಂದಾಗ ಡಾಲಿ ಮಗ ಗ್ರಿಶನಿಗೆ ಫ್ರೆಂಚ್ ಪಾಠ ಓದಿಸುತ್ತಿರುತ್ತಾಳೆ. ಅವನು ಅಂಗಿಯ ಬಿಚ್ಚಿಹೋಗುವಂತಿದ್ದ ಗುಂಡಿಯನ್ನು ತಿರುಚುತ್ತಲೇ ಇರುತ್ತಾನೆ. ಹೇಳಿ ಹೇಳಿ ಸಾಕಾಗಿ ಡಾಲಿ ಗುಂಡಿಯನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡು, ಹೆಣಿಗೆ ಹಿಡಿಯುತ್ತಾಳೆ. ಬಹಳ ದಿನಗಳಿಂದ ನಡೆದಿರುವ ಒಂದು ಹೊದಿಕೆ ಅದು. ಮನಸ್ಸಿಗೆ ಬೇಸರವಾದಾಗಲೆಲ್ಲ ಅವಳು ಹಿಡಿಯುವುದು ಅದನ್ನೇ.

ಅದೇ ಡಾಲಿ ಅನ್ನಾಳ ಮನೆಗೆ ಹೋಗುವಾಗ ದಾರಿಯಲ್ಲಿ ತನ್ನ ಹದಿನೈದು ವರ್ಷದ ದಾಂಪತ್ಯವನ್ನು ನೆನೆದು ನಡುಗುತ್ತಾಳೆ: ಬಸಿರು, ವಾಕರಿಕೆ, ಹೆರಿಗೆ, ಸತ್ತ ಕೂಸು. ತನಗೂ ಒಂದು ಪ್ರೇಮಪ್ರಸಂಗ ಇರಬಾರದಿತ್ತೇ ಎಂದು ಕನಸು ಕಟ್ಟುತ್ತಾಳೆ. ಅಲ್ಲಿಗೆ ತಲುಪಿದ ಮೇಲೆ ಅನ್ನಾಳ ಸೊಗಸುಗಾತಿ ದಾಸಿಯ ಮುಂದೆ ತನ್ನ ತೇಪೆ ಹಾಕಿದ ರಾತ್ರಿ ಅಂಗಿಗಾಗಿ ನಾಚುತ್ತಾಳೆ. ಆರು ಅಂಗಿಗೆ ಅರ್ಷಿನ್ ಎಂಬ ಅಳತೆ ಒಂದಕ್ಕೆ 65 ಕೊಪೆಕ್‌ನಂತೆ 24 ಅರ್ಷಿನ್ ಬಟ್ಟೆ ಬೇಕು. ಹೊಲಿಗೆ, ಅಂಚು ಬಿಟ್ಟೇ 15 ರೂಬಲ್ ದಾಟುತ್ತದೆ. ಅಷ್ಟನ್ನು ಉಳಿಸಿದೆನೆಂದು ತನ್ನ ಮನೆಯಲ್ಲಿ ಅವಳು ಹೆಮ್ಮೆಪಟ್ಟಿದ್ದಳು. ಇಲ್ಲಿ ಅದೇ ತೇಪೆ ಅವಮಾನ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಮಕ್ಕಳ ನೆನಪು ಅವಳನ್ನು ಹಿಂದಕ್ಕೆಳೆಯುತ್ತದೆ. ಆ ಬಡ ಅಂಗಿಯ ಮೂಲಕ ಟಾಲ್‌ಸ್ಟಾಯ್ ಡಾಲಿಯ ಬದುಕನ್ನು ಹಾಡಿ ಹೊಗಳುವುದೂ ಇಲ್ಲ, ಹೀಗಳೆಯುವುದೂ ಇಲ್ಲ. ಅದರ ಬೆಲೆಯನ್ನು ಕೊಪೆಕ್ ಕೊಪೆಕ್ ಲೆಕ್ಕ ಹಾಕಿ ನಮ್ಮ ಮುಂದಿಡುತ್ತಾರೆ.

ಸೂಜಿ, ನೂಲು ಅನ್ನಾಳ ಕೈಗೂ ಬರುತ್ತವೆ. ಬಸುರಿಯಾದ ಅವಳು ರೈತನ ದುಃಸ್ವಪ್ನವನ್ನು ವ್ರಾನ್‌ಸ್ಕಿಗೆ ಹೇಳುವ ಸಂಜೆ ಕ್ರೋಶಾ ಕಡ್ಡಿ ಹಿಡಿದಿದ್ದಾಳೆ. ದೀಪದ ಬೆಳಕಿನಲ್ಲಿ ಹೊಳೆಯುವ ಬಿಳಿ ಉಣ್ಣೆಯ ಸುರುಳಿಗಳನ್ನು ಅವಳ ಬೆರಳು ಒಂದರ ಹಿಂದೊಂದು ಎಳೆಯುತ್ತದೆ. ಡಾಲಿಯ ಹೆಣಿಗೆ ಬೇಸರವನ್ನು ತಣಿಸುತ್ತದೆ; ಅನ್ನಾಳ ಬೆರಳುಗಳ ವೇಗದಲ್ಲಿ ಕಳವಳ ಎದ್ದು ಕಾಣುತ್ತದೆ. ಮನೆವಾರ್ತೆಯ ಕೆಲಸ ಅವಳ ಕೈಗೆ ಬಂತು, ಅದು ಕೊಡಬೇಕಿದ್ದ ನೆಮ್ಮದಿ ಬರಲಿಲ್ಲ.

ಡಾಲಿಯ ತಂಗಿ ಕಿಟ್ಟಿಯ ಕಥೆ ಬಣ್ಣದಿಂದ ಶುರುವಾಗುತ್ತದೆ. ನೃತ್ಯಕೂಟಕ್ಕೆ ಅನ್ನಾ ನಸುನೇರಳೆ ಉಡುಪಿನಲ್ಲೇ ಬರಬೇಕೆಂದು ಅವಳ ಆಸೆ. ಅನ್ನಾ ಬಂದದ್ದು ಕಪ್ಪು ಮಖಮಲ್ಲಿನಲ್ಲಿ, ಕೂದಲಿಗೆ ಪ್ಯಾನ್ಸಿ ಹೂ ಮುಡಿದು. ತಾನು ಇವಳನ್ನು ಅರಿತೇ ಇರಲಿಲ್ಲ ಎಂದು ಕಿಟ್ಟಿಗೆ ಹೊಳೆಯುತ್ತದೆ. ಮದುವೆಯಾಗಿ ಲೆವಿನ್‌ನ ಹಳ್ಳಿಮನೆಗೆ ಬಂದ ಮೇಲೆ, ಕಡು ನೇರಳೆ ಉಡುಪು ತೊಟ್ಟು ಕಸೂತಿ ಹಾಕುತ್ತ ಕೂತ ಕಿಟ್ಟಿಯನ್ನು ನಾವು ನೋಡುತ್ತೇವೆ. ಆ ಬಣ್ಣ ಅವಳದೇ ಆಗಿತ್ತು. ಅದರಲ್ಲಿ ಇನ್ನೊಬ್ಬಳನ್ನು ಕಾಣಬಯಸಿದ್ದು ಎಳೆಯ ಹುಡುಗಿಯ ಅಭಿಮಾನ. ಗಂಡನಿಗೆ ಈ ಕಸೂತಿ, ಆ ಮನೆಗೆಲಸ ಕ್ಷುಲ್ಲಕವೆನಿಸುತ್ತದೆ. ಆದರೆ ಅವನ ಅಣ್ಣ ನಿಕೊಲಾಯ್ ಹೊಲಸು ಹೋಟೆಲು ಕೋಣೆಯಲ್ಲಿ ಸಾಯುತ್ತಿರುವಾಗ ಲೆವಿನ್‌ಗೆ ಕೈಕಾಲು ಆಡುವುದಿಲ್ಲ. ಕಿಟ್ಟಿ ಕೋಣೆ ಚೊಕ್ಕಟ ಮಾಡಿಸುತ್ತಾಳೆ, ಹಾಸಿಗೆ ಬದಲಿಸುತ್ತಾಳೆ, ವೈದ್ಯನಿಗೆ ಹೇಳಿಕಳಿಸುತ್ತಾಳೆ, ರೋಗಿಯ ಮಗ್ಗುಲು ಬದಲಾಯಿಸಲು ಹೇಳುತ್ತಾಳೆ. ನಿಕೊಲಾಯ್ ಸಾಯುವ ಅಧ್ಯಾಯ ಇಡೀ ಕಾದಂಬರಿಯಲ್ಲಿ ಶೀರ್ಷಿಕೆ ಇರುವ ಏಕೈಕ ಅಧ್ಯಾಯ. ಆ ಶೀರ್ಷಿಕೆ ‘ಸಾವು’. ಅದೇ ಅಧ್ಯಾಯದ ಕೊನೆಗೆ ಕಿಟ್ಟಿ ಬಸುರಿ ಎಂದು ತಿಳಿಯುತ್ತದೆ. ಮುಂದೆ ತವರಿನ ಪದ್ಧತಿಯಂತೆ ನೀರು ಹಾಕದೆ ಹಣ್ಣಿನ ಜಾಮ್ ಮಾಡಿಸಿ, ಮನೆಯ ಹಳೆಯ ಯಜಮಾನ್ತಿಯಂತಿದ್ದ ಅಗಾಫ್ಯಾಳ ಮುನಿಸು ತಣಿಸುವ ಪ್ರಸಂಗವೂ ಇಂಥದೇ. ಹೊಸ ಮನೆಯಲ್ಲಿ ತನ್ನ ಜಾಗ ಕಟ್ಟಿಕೊಳ್ಳುವ ಕೆಲಸ ಅದು.

ಕೊನೆಯ ಗಳಿಗೆ

ಸಾಯುವ ದಿನ ಅನ್ನಾ ಎಲ್ಲವನ್ನೂ ಹೇಳಿಕೊಳ್ಳಬೇಕೆಂದು ಹೋದದ್ದು ಡಾಲಿಯ ಮನೆಗೇ. ಅಲ್ಲಿ ಕಿಟ್ಟಿ ಇದ್ದಳು. ಮಾತು ಹೊರಬರಲಿಲ್ಲ. ಒಮ್ಮೆ ತಾನು ಒಲಿದಿದ್ದ ವ್ರಾನ್‌ಸ್ಕಿಯನ್ನು ಸೆಳೆದುಕೊಂಡವಳೆಂಬ ಕಿಟ್ಟಿಯ ಹಗೆ ಅನ್ನಾಳ ಮುಖ ನೋಡಿದೊಡನೆ ಕರಗಿ ಮರುಕವಾಯಿತು. ಆದರೆ ಆ ಮರುಕ ಅನ್ನಾಳನ್ನು ಮುಟ್ಟಲಿಲ್ಲ. ಮನೆಗೆ ಬಂದು ಕೆಲವು ದಿನಕ್ಕೆ ಬೇಕಾದ ಸಾಮಾನನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು.

ಒಬಿರಾಲೊವ್ಕ ನಿಲ್ದಾಣದಲ್ಲಿ ಸರಕು ರೈಲಿನ ಮೊದಲ ಗಾಡಿಯ ಕೆಳಗೆ ಬೀಳಬೇಕೆಂದು ಅವಳು ಅಣಿಯಾದಾಗ ತೋಳಿನಿಂದ ತೆಗೆಯಹೊರಟ ಕೆಂಪು ಚೀಲ ಅಡ್ಡಿಯಾಗಿ ತಡವಾಗುತ್ತದೆ. ಆ ಗಾಡಿ ದಾಟಿಹೋಗುತ್ತದೆ. ಮುಂದಿನದಕ್ಕೆ ಕಾಯುವ ಆ ಎಡೆಯಲ್ಲಿ ಕೈ ತಾನಾಗಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತದೆ. ಅದರಿಂದ ಬಾಲ್ಯದ ನೆನಪುಗಳು ಎದ್ದುಬಂದು ಬದುಕು ಒಂದು ಕ್ಷಣ ತನ್ನೆಲ್ಲ ಚೆಲುವಿನೊಂದಿಗೆ ಅವಳ ಮುಂದೆ ನಿಲ್ಲುತ್ತದೆ. ಬಿದ್ದ ಮೇಲೂ ಅವಳು ತಾನು ಮಾಡುತ್ತಿರುವುದಕ್ಕೆ ಬೆಚ್ಚಿ ಏಳಲು ನೋಡುತ್ತಾಳೆ. ವಿಧಿಯ ಕಥೆಯಾಗಿದ್ದರೆ ಈ ತಡೆಗೆ ಇಲ್ಲಿ ಕೆಲಸವಿರಲಿಲ್ಲ. ರೈಲಿನ ಆಶಯ ಅವಳನ್ನು ಸಾವಿಗೆ ಕರೆಯುತ್ತಿರುವಾಗ ಚೀಲದ ಆಶಯ ಅವಳನ್ನು ಬದುಕಿನ ಕಡೆಗೆ ಹಿಡಿದೆಳೆಯಿತು. ಬದುಕಬೇಕೆಂಬ ಆಸೆಯಿಂದಲೇ ಹೊರಟವಳು ಅವಳು ಎಂಬುದನ್ನು ಟಾಲ್‌ಸ್ಟಾಯ್ ಕೊನೆಯ ಗಳಿಗೆಯಲ್ಲೂ ಮರೆಯಲಿಲ್ಲ.

ಸೇಡು ದೇವರದು, ಮನುಷ್ಯರದಲ್ಲ ಎಂಬರ್ಥದ ಬೈಬಲ್ ವಾಕ್ಯವನ್ನು ಟಾಲ್‌ಸ್ಟಾಯ್ ಕೃತಿಯ ಮುಖದಲ್ಲಿಟ್ಟರು. ಮೊದಮೊದಲ ಕರಡುಗಳಲ್ಲಿ ನಾಯಕಿಯನ್ನು ಅವರು ಇಷ್ಟು ಆಕರ್ಷಕಳಾಗಿ ಕಂಡಿರಲಿಲ್ಲ. ಗಂಡನ ಪರ ಹೆಚ್ಚು ಅನುಕಂಪವಿತ್ತು. ಬರೆಯುತ್ತ ಬರೆಯುತ್ತ ಅವಳು ಬೆಳೆದಳು. ನೀತಿ ಹೇಳಲು ಹೊರಟ ಲೇಖಕನೊಬ್ಬ ಒಂದು ಹೆಣ್ಣಿನ ಬೆರಳು, ಕೂದಲು, ಚೀಲ, ದೀಪಗಳನ್ನು ಇಷ್ಟು ಹತ್ತಿರದಿಂದ ನೋಡುತ್ತ ಹೋದರೆ ತೀರ್ಪು ಹಿಂದೆ ಸರಿಯುತ್ತದೆ. ಅವನ ಕೃತಿ ಅವನ ಅಭಿಪ್ರಾಯಕ್ಕಿಂತ ದೊಡ್ಡದಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ, ವಿಶೇಷವಾಗಿ ನಾಳೆ ಪಾಠ ಹೇಳಲಿರುವವರಲ್ಲಿ ನನ್ನದೊಂದು ಕೋರಿಕೆ. ಸ್ತ್ರೀಪಾತ್ರವೊಂದು ಸರಿಯೋ ತಪ್ಪೋ ಎಂಬ ಚರ್ಚೆಯಿಂದ ತರಗತಿಯನ್ನು ಶುರುಮಾಡಬೇಡಿ. ಅವಳ ಕೈಯಲ್ಲಿ ಏನಿದೆ, ಅದು ಮೊದಲು ಎಲ್ಲಿ ಕಂಡಿತು, ಎಷ್ಟನೆಯ ಸಲ ಬರುವಾಗ ಅದರ ಅರ್ಥ ಬದಲಾಯಿತು, ಅದು ಬೇರೆ ಯಾವ ಹೆಂಗಸಿನ ಕೈಗೆ ಹೋಯಿತು ಎಂದು ಕೇಳಿ. ಪುಟ ತಿರುವಿಸಿ, ಗುರುತು ಹಾಕಿಸಿ. ಹಾಗೆ ಓದಿ ಬೆಳೆದ ಮನಸ್ಸು ಪುಸ್ತಕದ ಹೊರಗಿನ ಹೆಂಗಸರ ಬಗೆಗೂ ತೀರ್ಪಿಗೆ ಆತುರಪಡುವುದಿಲ್ಲ, ಮೊದಲು ನೋಡಲು ಕಲಿಯುತ್ತದೆ ಎಂಬ ನಂಬಿಕೆ ನನಗಿದೆ. ಸಾಹಿತ್ಯದ ಪಾಠದಿಂದ ನಾನು ಬಯಸುವುದು ಅದನ್ನೇ.